ಸ್ವಯಂಸೇವೆಯ ಕೆಲಸ ತೋರಿಸಿ ಸಾಫ್ಟ್‌ವೇರ್ ತಂಡ ಸೇರುವುದು: ಲಿಂಕ್ ಗುಡ್ಡೆ ಹಾಕುವುದರಿಂದ ಅರ್ಜಿ ಕಳಿಸುವವರೆಗೆ

ನನ್ನ ಕೈಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಒಂದೇ ತರ ಇರುತ್ತವೆ. "ಎರಡು ವರ್ಷದಿಂದ ಓಪನ್ ಸೋರ್ಸ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ, ಗಿಟ್‌ಹಬ್ ಲಿಂಕ್ ಇಲ್ಲಿದೆ." ಓಪನ್ ಸೋರ್ಸ್ ಎಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶ, ಗಿಟ್‌ಹಬ್ ಅಂಥ ಕೋಡ್ ಇಡುವ ತಾಣ. ಒತ್ತಿದರೆ ನಲವತ್ತು ರೆಪೋ (ಒಂದೊಂದು ಯೋಜನೆಯ ಕೋಡ್ ಇರುವ ಜಾಗ). ಮೂವತ್ತು ಸುಮ್ನೆ ಫೋರ್ಕ್ ಮಾಡಿಟ್ಟವು (ಬೇರೆಯವರ ರೆಪೋದ ನಕಲು), ಐದಾರು ಕಾಲೇಜಿನ ಅಸೈನ್‌ಮೆಂಟು, ಎಲ್ಲೋ ಮೂಲೆಯಲ್ಲಿ ನಿಜಕ್ಕೂ ಚೆಂದದ ಒಂದು ಪ್ಯಾಚ್, ಅಂದರೆ ಕೋಡಿಗೆ ಮಾಡಿದ ತಿದ್ದುಪಡಿ. ಆ ಮೂಲೆಯವರೆಗೆ ಓದುವವರು ಹೋಗುವುದೇ ಇಲ್ಲ. ಅವರ ಮುಂದೆ ಇನ್ನೂ ಅರವತ್ತು ಅರ್ಜಿ ಇರುತ್ತವೆ.

ಹಾಗಾಗಿ ನಿಮ್ಮ ಗುರಿ ಇಷ್ಟೇ: ಗುರುತಿಲ್ಲದ ಒಬ್ಬರು ಐದು ನಿಮಿಷದಲ್ಲಿ ನಿಮ್ಮ ಒಂದು ಒಳ್ಳೆಯ ಕೆಲಸವನ್ನು ಹುಡುಕಿ, ಓದಿ, ಅದು ನಿಮ್ಮದೇ ಎಂದು ಖಚಿತ ಮಾಡಿಕೊಳ್ಳಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕೇ. ಕ್ರಮ ತಪ್ಪಿಸಬೇಡಿ, ಅದರಲ್ಲೂ ಮೊದಲ ಎರಡನ್ನು ಹಾರಿಸಿ ನೇರ ರೆಸ್ಯೂಮೆ ಬರೆಯಲು ಕೂರಬೇಡಿ. ಎರಡು ವಾರಾಂತ್ಯ ಸಾಕು.

## ಬೇಕಾದ ಸಾಮಾನು

ಒಂದು ಸ್ಪ್ರೆಡ್‌ಶೀಟ್. ಇಲ್ಲಿಯವರೆಗೆ ಬಳಸಿದ ಎಲ್ಲ ಈಮೇಲ್ ವಿಳಾಸಗಳ ಪಟ್ಟಿ, ಕಾಲೇಜಿನದ್ದೂ ಸೇರಿ. ನಿಮ್ಮ ಗಣಕದಲ್ಲಿ ಗಿಟ್, ಅಂದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ. ಬ್ರೌಸರಿನ ಖಾಸಗಿ ವಿಂಡೋ. ಜೊತೆಗೆ ಮುಖ ನೋಡಿ ಮಣೆ ಹಾಕದ ಒಬ್ಬ ಗೆಳೆಯನೋ ಗೆಳತಿಯೋ ಬೇಕು. ಇದೊಂದು ಸಿಗುವುದೇ ಕಷ್ಟ.

## ಹಂತ 1: ಎಲ್ಲವನ್ನೂ ಒಂದೆಡೆ ಗುಡ್ಡೆ ಹಾಕಿ

ನೆನಪಿನಿಂದ ಬರೆಯಬೇಡಿ. ನೆನಪಿನಲ್ಲಿ ಉಳಿಯುವುದು ಇತ್ತೀಚಿನದು, ಒಳ್ಳೆಯದು ಉಳಿಯುವುದಿಲ್ಲ.

ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎನ್ನುವ ಕೋರಿಕೆ) ಪುಟದಲ್ಲಿ ಆಥರ್ ಜಾಗಕ್ಕೆ ನಿಮ್ಮ ಹೆಸರು ಕೊಟ್ಟು, ಮರ್ಜ್ ಆದವನ್ನು, ಅಂದರೆ ಮೂಲ ಕೋಡಿಗೆ ಸೇರಿದವನ್ನು, ಮಾತ್ರ ಸೋಸಿ. ಬಂದದ್ದನ್ನೆಲ್ಲ ಶೀಟಿಗೆ ಹಾಕಿ. ಆಮೇಲೆ ನೀವು ರಿವ್ಯೂ ಮಾಡಿದವು, ಕಾಮೆಂಟ್ ಹಾಕಿದವು, ತೆರೆದ ಇಶ್ಯೂಗಳು (ತೊಂದರೆಯ ವರದಿಗಳು) ಅಂತ ಬೇರೆ ಬೇರೆಯಾಗಿ ಹುಡುಕಿ. ಹೆಚ್ಚಿನವರು ಈ ಎರಡನೇ ಸುತ್ತು ಮಾಡುವುದೇ ಇಲ್ಲ. ಆದರೆ ಬೇರೆಯವರ ಕೋಡಿನಲ್ಲಿ ನೀವು ಹಿಡಿದುಕೊಟ್ಟ ಒಂದು ತಪ್ಪು, ನೀವೇ ಬರೆದ ಹತ್ತು ಪ್ಯಾಚಿಗಿಂತ ಜಾಸ್ತಿ ಮಾತಾಡುವುದುಂಟು.

ಒಂದು ಎಚ್ಚರ. "ಕ್ಲೋಸ್ಡ್" ಎಂದು ಕಂಡದ್ದೆಲ್ಲ ತಿರಸ್ಕಾರ ಆದದ್ದಲ್ಲ. ಕೆಲವು ಯೋಜನೆಗಳಲ್ಲಿ ಮೇಂಟೇನರ್ (ಯೋಜನೆ ನೋಡಿಕೊಳ್ಳುವವರು) ಪ್ಯಾಚನ್ನು ಬೇರೆ ದಾರಿಯಲ್ಲಿ ಸೇರಿಸಿಕೊಂಡು ಪುಲ್ ರಿಕ್ವೆಸ್ಟ್ ಮುಚ್ಚುತ್ತಾರೆ. ಯಂತ್ರ ಕಲಿಕೆಯ ತಂತ್ರಾಂಶ ಪೈಟಾರ್ಚ್‌ನಲ್ಲಿ ಬಾಟ್ ಮೂಲಕ ಸೇರಿದವು ಕ್ಲೋಸ್ಡ್ ಎಂದೇ ಕಾಣುತ್ತವೆ, ಪಕ್ಕದಲ್ಲಿ ಮರ್ಜ್ಡ್ ಎನ್ನುವ ಲೇಬಲ್ ಮಾತ್ರ ಇರುತ್ತದೆ. ಅಂಥವು ಸಿಕ್ಕರೆ ಮುಖ್ಯ ಬ್ರಾಂಚಿನಲ್ಲಿರುವ (ಮೂಲ ಕೋಡಿನಲ್ಲಿರುವ) ಕಮಿಟ್, ಅಂದರೆ ದಾಖಲಾದ ಬದಲಾವಣೆ, ಹುಡುಕಿ ಅದರ ಲಿಂಕನ್ನೇ ಕೊಡಿ.

ಗಿಟ್‌ಹಬ್ ಆಚೆಗೂ ನೋಡಿ. ವಿಕಿಮೀಡಿಯದ ಕೋಡ್ ರಿವ್ಯೂ ಗೆರಿಟ್‌ನಲ್ಲಿ ನಡೆಯುತ್ತದೆ, ಲಿನಕ್ಸ್ ಡೆಸ್ಕ್‌ಟಾಪ್ ಯೋಜನೆಗಳಾದ ಕೆಡಿಇ ಮತ್ತು ಗ್ನೋಮ್ ಗಿಟ್‌ಹಬ್‌ನಂಥದ್ದೇ ಆದ ತಮ್ಮದೇ ಗಿಟ್‌ಲ್ಯಾಬ್ ಇಟ್ಟುಕೊಂಡಿವೆ, ಲಿನಕ್ಸ್ ಕರ್ನಲ್ ಇಂದಿಗೂ ಮೇಲ್‌ನಲ್ಲೇ ಪ್ಯಾಚ್ ತರಿಸಿಕೊಳ್ಳುತ್ತದೆ. ಕರ್ನಲ್ ಕಮಿಟ್‌ನ ಕೆಳಗೆ "ರಿಪೋರ್ಟೆಡ್ ಬೈ", "ಟೆಸ್ಟೆಡ್ ಬೈ" ಎಂದು ನಿಮ್ಮ ಹೆಸರಿದ್ದರೆ ಅದೂ ಕೆಲಸವೇ. ಫೈರ್‌ಫಾಕ್ಸ್ ಕನ್ನಡಕ್ಕೆ ದುಡಿದಿದ್ದರೆ ಪೊಂಟೂನ್‌ನಲ್ಲಿ, ವಿಕಿಪೀಡಿಯ ನಡೆಸುವ ತಂತ್ರಾಂಶ ಮೀಡಿಯಾವಿಕಿಯ ಕನ್ನಡಕ್ಕೆ ದುಡಿದಿದ್ದರೆ ಟ್ರಾನ್ಸ್‌ಲೇಟ್‌ವಿಕಿಯಲ್ಲಿ ನಿಮ್ಮ ದಾಖಲೆ ಇರುತ್ತದೆ.

ಶೀಟಿನಲ್ಲಿ ಆರು ಕಾಲಂ ಮಾಡಿ: ಲಿಂಕ್, ತಿಂಗಳು, ತೊಂದರೆ ಏನಿತ್ತು, ನಾನು ಮಾಡಿದ್ದು, ಬೇರೆಯವರು ಮಾಡಿದ್ದು, ಈಗ ಅದರ ಸ್ಥಿತಿ. ಐದನೆಯದನ್ನು ಖಾಲಿ ಬಿಡಬೇಡಿ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ.

## ಹಂತ 2: ಕೆಲಸ ನಿಮ್ಮ ಹೆಸರಿನಲ್ಲೇ ಇದೆಯಾ ನೋಡಿ

ಇಲ್ಲಿ ಎಡವುವವರು ತುಂಬ ಜನ. ಗಿಟ್ ಪ್ರತಿ ಕಮಿಟ್‌ಗೂ ಒಂದು ಹೆಸರು, ಒಂದು ಈಮೇಲ್ ಅಂಟಿಸುತ್ತದೆ. ಆ ಈಮೇಲ್ ನಿಮ್ಮ ಗಿಟ್‌ಹಬ್ ಖಾತೆಗೆ ಸೇರಿಲ್ಲದಿದ್ದರೆ ಕಮಿಟ್ ನಿಮ್ಮ ಪ್ರೊಫೈಲಿಗೆ ಬರುವುದಿಲ್ಲ, ದಿನದ ಕೆಲಸ ತೋರಿಸುವ ಹಸಿರು ಚೌಕವೂ ಇಲ್ಲ, ಹೆಸರಿನ ಮೇಲೆ ಒತ್ತಿದರೆ ನಿಮ್ಮ ಪುಟವೂ ತೆರೆಯುವುದಿಲ್ಲ.

ಪರಿಹಾರ ಸುಲಭ. ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಹಳೆಯ ಈಮೇಲ್ ಸೇರಿಸಿ ದೃಢಪಡಿಸಿ, ಹಳೆಯ ಕಮಿಟ್‌ಗಳು ತಾವಾಗಿಯೇ ನಿಮ್ಮ ಹೆಸರಿಗೆ ಬರುತ್ತವೆ. ಆದರೆ ದೃಢಪಡಿಸುವ ಪತ್ರ ಹೋಗುವುದು ಅದೇ ಹಳೆಯ ವಿಳಾಸಕ್ಕೆ. ಕಾಲೇಜು ಮುಗಿದ ಮೇಲೆ ಕಾಲೇಜಿನ ಮೇಲ್ ಮುಚ್ಚಿದರೆ ಮುಗಿಯಿತು ಕತೆ. ಕೊನೆಯ ಸೆಮಿಸ್ಟರಿನಲ್ಲಿ ಇದ್ದೀರಾ? ಇದನ್ನು ಓದುವುದು ನಿಲ್ಲಿಸಿ, ಈಗಲೇ ಆ ವಿಳಾಸ ಸೇರಿಸಿ ಬನ್ನಿ.

ಇನ್ನು ಹಸಿರು ಚೌಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮೂಲ ರೆಪೋಗೆ ಸೇರದೆ ನಿಮ್ಮ ಫೋರ್ಕ್‌ನಲ್ಲೇ ಉಳಿದ ಕಮಿಟ್ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ತಾಣದ ಕೆಲಸವೂ ಕಾಣುವುದಿಲ್ಲ. ಚೌಕ ತುಂಬಿಸಲು ದಿನಾ ಒಂದು ಖಾಲಿ ಕಮಿಟ್ ಹಾಕುವವರನ್ನು ನೋಡಿದ್ದೇನೆ. ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಆಮೇಲೆ ಉಳಿದದ್ದನ್ನೂ ಅನುಮಾನದಿಂದಲೇ ನೋಡುತ್ತಾರೆ.

ಇಬ್ಬರು ಸೇರಿ ಬರೆದ ಕೋಡಿಗೆ ಕಮಿಟ್ ಸಂದೇಶದ ಕೊನೆಯಲ್ಲಿ "ಕೋ-ಆಥರ್ಡ್-ಬೈ" ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಪುಲ್ ರಿಕ್ವೆಸ್ಟ್‌ನ ಮಾತುಕತೆಯಲ್ಲಿ ನಿಮ್ಮ ಪಾಲು ಎಲ್ಲಿ ಕಾಣುತ್ತದೋ ಆ ಕಾಮೆಂಟಿನ ಲಿಂಕ್ ಎತ್ತಿಟ್ಟುಕೊಳ್ಳಿ.

## ಹಂತ 3: ಮೂರೇ ಮೂರು ಆರಿಸಿ

ಹೌದು, ಮೂರು. ಹತ್ತು ಕೊಟ್ಟರೆ ಯಾವುದನ್ನು ತೆರೆಯಬೇಕೆಂದು ಓದುವವರು ಆರಿಸುತ್ತಾರೆ, ಮತ್ತು ತಪ್ಪಾಗಿಯೇ ಆರಿಸುತ್ತಾರೆ.

ನಾನು ಆರಿಸುವ ರೀತಿ ಹೀಗೆ. ಒಂದು, ಬೇರೆಯವರು ರಿವ್ಯೂ ಮಾಡಿ ನಿಮ್ಮಿಂದ ತಿದ್ದಿಸಿದ ಕೆಲಸ. ಒಂದೇ ಏಟಿಗೆ ಮರ್ಜ್ ಆದ ಪ್ಯಾಚಿಗಿಂತ ಮೂರು ಸುತ್ತು ಮಾತುಕತೆ ಆಗಿ ಮರ್ಜ್ ಆದದ್ದು ಮೇಲು, ಯಾಕೆಂದರೆ ಬೈಸಿಕೊಂಡಾಗ ನೀವು ಹೇಗೆ ವರ್ತಿಸುತ್ತೀರಿ ಎನ್ನುವುದು ಅಲ್ಲಿ ಬರಹದಲ್ಲೇ ಇರುತ್ತದೆ. ಎರಡು, ಈಗಲೂ ಬಳಕೆಯಲ್ಲಿರುವುದು. ಮೂರು, ನೀವು ಸೇರಬೇಕೆಂದಿರುವ ತಂಡದ ಕೆಲಸಕ್ಕೆ ಹತ್ತಿರವಾದದ್ದು. ಇದು ಮಾತ್ರ ಪ್ರತಿ ಅರ್ಜಿಗೂ ಬದಲಾಗುತ್ತದೆ.

ಮರ್ಜ್ ಆಗದ ಕೆಲಸವನ್ನು ಹಾಕಬಹುದಾ? ಹಾಕಬಹುದು, ಆಗಲಿಲ್ಲ ಎಂದು ಹೇಳಿ, ಕಾರಣ ಬರೆದು. ಮುಚ್ಚಿಟ್ಟರೆ ಲಿಂಕ್ ಒತ್ತಿದ ಕೂಡಲೇ ಬಯಲಾಗುತ್ತದೆ.

ಕಾಗುಣಿತ ತಿದ್ದಿದ್ದು, ರೀಡ್‌ಮೀಗೆ (ರೆಪೋದ ಪರಿಚಯ ಪುಟ) ಹೆಸರು ಸೇರಿಸಿದ್ದು ಮುಂತಾದವನ್ನೆಲ್ಲ ಒಂದು ಸಾಲಿಗೆ ಇಳಿಸಿ, ಇಲ್ಲವೇ ಬಿಟ್ಟುಬಿಡಿ. 2020ರ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಓಪನ್ ಸೋರ್ಸ್ ಅಭಿಯಾನದ ಟೀಶರ್ಟಿಗಾಗಿ ಇಂಥ ಪುಲ್ ರಿಕ್ವೆಸ್ಟ್‌ಗಳ ಹಾವಳಿ ಎಷ್ಟಾಯಿತೆಂದರೆ, ಒಪ್ಪಿಗೆ ಕೊಟ್ಟ ಯೋಜನೆಗಳು ಮಾತ್ರ ಲೆಕ್ಕಕ್ಕೆ ಎಂದು ಆಯೋಜಕರು ನಡುವೆಯೇ ನಿಯಮ ಬದಲಿಸಬೇಕಾಯಿತು. ಆ ಕಹಿ ಮೇಂಟೇನರ್‌ಗಳಿಗೆ ಇನ್ನೂ ಇದೆ.

## ಹಂತ 4: ಪ್ರತಿ ಕೆಲಸಕ್ಕೂ ಒಂದು ಟಿಪ್ಪಣಿ ಬರೆಯಿರಿ

ಹೆಚ್ಚು ಹೊತ್ತು ಬೇಡುವುದು ಇದೇ ಹಂತ. ಲಿಂಕ್ ಒಂದೇ ಸಾಕಾಗುವುದಿಲ್ಲ. ಕೋಡ್ ಏನು ಬದಲಾಯಿತು ಎನ್ನುವುದನ್ನು ಡಿಫ್ (ಹಳೆ-ಹೊಸ ಕೋಡಿನ ವ್ಯತ್ಯಾಸ) ಹೇಳುತ್ತದೆ, ಯಾಕೆ ಹಾಗೆ ಮಾಡಿದಿರಿ ಎನ್ನುವುದನ್ನು ಹೇಳುವುದಿಲ್ಲ. ಟಿಪ್ಪಣಿ ನೂರೈವತ್ತು ಪದ ಮೀರದಿರಲಿ. ಅದರಲ್ಲಿ ಬಳಕೆದಾರರಿಗೆ ಆಗುತ್ತಿದ್ದ ತೊಂದರೆ, ಅದರ ಮೂಲ, ನೀವು ಕೈಬಿಟ್ಟ ಇನ್ನೊಂದು ದಾರಿ, ನಿಮ್ಮ ಪಾಲು, ಉಳಿದ ಕೊರತೆ ಇಷ್ಟು ಬರಲಿ.

ನನಗೆ ಬರುವ ಟಿಪ್ಪಣಿ ಸಾಮಾನ್ಯವಾಗಿ ಹೀಗಿರುತ್ತದೆ: "ನಿಘಂಟು ಆ್ಯಪಿನ ಹುಡುಕಾಟದಲ್ಲಿ ಮಹತ್ವದ ಸುಧಾರಣೆ ತಂದೆ. ಯೂನಿಕೋಡ್ ಸಮಸ್ಯೆ ಬಗೆಹರಿಸಿದೆ." ಇದರಿಂದ ಏನೂ ತಿಳಿಯಲಿಲ್ಲ, ಅಲ್ವಾ?

ಅದನ್ನೇ ಹೀಗೆ ಬರೆಯಬಹುದು. ಮಾದರಿಗೆಂದು ನಾನೇ ಕಟ್ಟಿದ್ದು, ತೊಂದರೆ ಮಾತ್ರ ನಿಜವಾದದ್ದು:

"ಆ್ಯಪಿನಲ್ಲಿ 'ರ‍್ಯಾಂಕ್' ಎಂದು ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಹುಡುಕುವ ಪದವನ್ನು ಶುಚಿ ಮಾಡುವ ಫಂಕ್ಷನ್ ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ಕಿತ್ತುಹಾಕುತ್ತಿತ್ತು. ಕನ್ನಡದಲ್ಲಿ ರ ಮತ್ತು ಹಲಂತದ ನಡುವಿನ ಝೀರೋ ವಿಡ್ತ್ ಜಾಯ್ನರ್ ಎಂಬ ಕಾಣದ ಅಕ್ಷರ ಹೋದರೆ 'ರ‍್ಯಾ' ಇದ್ದದ್ದು ಅರ್ಕಾವೊತ್ತಿನ 'ರ್ಯಾ' ಆಗುತ್ತದೆ. ಆದರೆ ನಿಘಂಟಿನ ಪದದಲ್ಲಿ ಜಾಯ್ನರ್ ಹಾಗೇ ಇತ್ತು, ಹಾಗಾಗಿ ಎರಡೂ ಹೊಂದುತ್ತಿರಲಿಲ್ಲ. ಎರಡೂ ಕಡೆ ತೆಗೆದುಬಿಡುವುದು ಸುಲಭವಿತ್ತು. ಅದೇ ಫಂಕ್ಷನ್ ತೆರೆಯ ಮೇಲೆ ತೋರಿಸುವ ಪಠ್ಯಕ್ಕೂ ಬಳಕೆಯಲ್ಲಿದ್ದುದರಿಂದ ಪದದ ರೂಪವೇ ಕೆಡುತ್ತಿತ್ತು, ಅದಕ್ಕೇ ಬಿಟ್ಟೆ. ರ ಮತ್ತು ಹಲಂತದ ನಡುವೆ ಇದ್ದಾಗ ಮಾತ್ರ ಜಾಯ್ನರ್ ಉಳಿಸಿದೆ. ಟೆಸ್ಟ್‌ಗಳು ನನ್ನವು. ಫಂಕ್ಷನ್ನಿಗೆ ಹೆಸರು ಬದಲಿಸಿ ಎರಡು ಭಾಗ ಮಾಡಿದ್ದು ಮೇಂಟೇನರ್ ಸಲಹೆ. ಜಾಯ್ನರ್ ಇಲ್ಲದೆ ಟೈಪ್ ಮಾಡಿದವರಿಗೆ ಇನ್ನೂ ಸಿಗುವುದಿಲ್ಲ, ಅದಕ್ಕೆ ಬೇರೆ ಇಶ್ಯೂ ತೆರೆದಿದ್ದೇನೆ."

ಇದನ್ನು ಓದಿದ ಇಂಜಿನಿಯರ್‌ಗೆ ಕನ್ನಡ ಬರಬೇಕಾಗಿಲ್ಲ. ಈ ಮನುಷ್ಯ ಮೂಲ ಹುಡುಕುತ್ತಾನೆ, ಸುಲಭದ ದಾರಿಯನ್ನು ತೂಗಿ ನೋಡುತ್ತಾನೆ, ಬೇರೆಯವರ ಪಾಲನ್ನು ನುಂಗುವುದಿಲ್ಲ ಎಂದು ಗೊತ್ತಾಗಿಬಿಡುತ್ತದೆ. ಕೊನೆಯ ಸಾಲು ತೆಗೆದುಹಾಕಿ ಅಂತ ಕೆಲವರು ಹೇಳುತ್ತಾರೆ, ಕೊರತೆ ಯಾಕೆ ಹೇಳಿಕೊಳ್ಳಬೇಕು ಅಂತ. ನಾನು ಒಪ್ಪುವುದಿಲ್ಲ. ಅರ್ಜಿ ಓದುವಾಗ ನನಗೆ ನಂಬಿಕೆ ಹುಟ್ಟುವುದು ಬಹಳ ಸಲ ಆ ಸಾಲಿನಲ್ಲೇ.

ಕೋಡ್ ಬರೆಯದವರಿಗೂ ಇದೇ ಅಚ್ಚು. ಅನುವಾದಕರು "ಐದು ಸಾವಿರ ಸಾಲು ಅನುವಾದಿಸಿದೆ" ಎಂದಷ್ಟೇ ಬರೆಯುತ್ತಾರೆ. ಎಷ್ಟು ಸಾಲು ಒಪ್ಪಿಗೆ ಪಡೆದವು, "ಸೇವ್" ಬಟನ್‌ಗೆ "ಉಳಿಸು" ಇರಬೇಕೋ "ಉಳಿಸಿ" ಇರಬೇಕೋ ಎಂದು ತಂಡದಲ್ಲಿ ಹೇಗೆ ತೀರ್ಮಾನಿಸಿದಿರಿ, ಕನ್ನಡದ ಸಾಲು ಉದ್ದವಾಗಿ ಬಟನ್ ಒಡೆದಾಗ ಏನು ಮಾಡಿದಿರಿ ಎನ್ನುವುದನ್ನು ಬರೆಯಿರಿ. ಬಗ್ ವರದಿ ಮಾಡುವವರು ಒಂದೇ ಒಂದು ವರದಿ ಆರಿಸಿ, ಯಾವ ಹೆಜ್ಜೆಗಳಲ್ಲಿ ಬಗ್ ಮರುಕಳಿಸುತ್ತದೆ ಎಂದು ನೀವು ಸೋಸಿದ ಬಗೆ ತೋರಿಸಿ.

"ನಾವು" ಎನ್ನುವ ಪದದ ಬಗ್ಗೆ ಒಂದು ಮಾತು. ನಮ್ಮಲ್ಲಿ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು ಚೆನ್ನಾಗಿರಲ್ಲ ಎಂದು ಬೆಳೆಸಿರುತ್ತಾರೆ, ಅದಕ್ಕೇ ಎಲ್ಲ ಕಡೆ "ನಾವು ಮಾಡಿದೆವು" ಬರುತ್ತದೆ. ನಾನೂ ಒಮ್ಮೆ ಹಾಗೇ ಬರೆದಿದ್ದೆ. ಸಂದರ್ಶನದಲ್ಲಿ "ಇದರಲ್ಲಿ ನಿಮ್ಮದು ಯಾವುದು?" ಎಂದು ಕೇಳಿದಾಗ ತಡವರಿಸಿದೆ. ಮಾಡಿದ್ದು ನಾನೇ ಆಗಿದ್ದರೂ ಹೇಳಲು ಬಾಯಿ ಬರಲಿಲ್ಲ, ಕೆಲಸವೂ ಸಿಗಲಿಲ್ಲ. ಮಾಡಿದ್ದಕ್ಕೆ "ನಾನು" ಎನ್ನಿ, ಮಾಡದ್ದಕ್ಕೆ ಮಾಡಿದವರ ಹೆಸರು ಹೇಳಿ.

## ಹಂತ 5: ಅಂಗಳ ಗುಡಿಸಿ

ಗಿಟ್‌ಹಬ್ ಪ್ರೊಫೈಲಿನಲ್ಲಿ ಆರು ರೆಪೋವರೆಗೆ ಪಿನ್ ಮಾಡಬಹುದು. ಆರೂ ತುಂಬಿಸಲೇಬೇಕು ಅಂತಿಲ್ಲ. ನಿಮ್ಮ ಯೂಸರ್‌ನೇಮನ್ನೇ ಹೆಸರಾಗಿ ಕೊಟ್ಟು ಒಂದು ಸಾರ್ವಜನಿಕ ರೆಪೋ ಮಾಡಿ ಅದರಲ್ಲಿ ರೀಡ್‌ಮೀ ಇಟ್ಟರೆ ಅದು ಪ್ರೊಫೈಲಿನ ಮೇಲ್ಭಾಗದಲ್ಲಿ ಕಾಣುತ್ತದೆ. ಮೂರು ಟಿಪ್ಪಣಿಗಳು ಅಲ್ಲೇ ಇರಲಿ. ಭಾಷೆಗಳ ಬಣ್ಣಬಣ್ಣದ ಬ್ಯಾಡ್ಜು, ಓಡುವ ಹಾವಿನ ಚಿತ್ರ, ಭೇಟಿ ಕೊಟ್ಟವರ ಲೆಕ್ಕ ಇವು ಬೇಡ. ಬಳಸದ ಫೋರ್ಕ್‌ಗಳನ್ನು ಅಳಿಸಿ. ಆದರೆ ತೆರೆದಿರುವ ಪುಲ್ ರಿಕ್ವೆಸ್ಟ್ ಇರುವ ಫೋರ್ಕ್ ಮುಟ್ಟಬೇಡಿ.

ಸ್ವಂತ ರೆಪೋ ತೋರಿಸುವುದಾದರೆ ಹೊಸ ಫೋಲ್ಡರಿನಲ್ಲಿ ಕ್ಲೋನ್ ಮಾಡಿ (ಪೂರ್ತಿ ನಕಲು ಇಳಿಸಿಕೊಂಡು), ನಿಮ್ಮದೇ ರೀಡ್‌ಮೀ ಹೇಳಿದಂತೆ ನಡೆಸಿ ನೋಡಿ. ಹತ್ತರಲ್ಲಿ ಎಂಟು ಸಲ ಓಡುವುದಿಲ್ಲ, ನಿಮ್ಮ ಗಣಕದಲ್ಲಿ ಮಾತ್ರ ಇರುವ ಯಾವುದೋ ಫೈಲ್ ಬೇಡುತ್ತದೆ.

ಅಪಾಯದ ಸೂಚನೆ: ಹಳೆಯ ಕಮಿಟ್‌ನಲ್ಲಿ ಪಾಸ್‌ವರ್ಡ್ ಅಥವಾ ಎಪಿಐ ಕೀ (ಬೇರೆ ಸೇವೆ ಬಳಸಲು ಕೋಡಿಗೆ ಬೇಕಾದ ಗುಟ್ಟಿನ ಸಂಕೇತ) ಉಳಿದಿರುವುದು. ಹೊಸ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಹಾಗೇ ಇರುತ್ತದೆ. ಮೊದಲು ಆ ಕೀಯನ್ನೇ ರದ್ದು ಮಾಡಿ, ಆಮೇಲೆ ಇತಿಹಾಸ ತೊಳೆಯುವ ಯೋಚನೆ. ಈ ಕ್ರಮ ಉಲ್ಟಾ ಮಾಡುವವರೇ ಜಾಸ್ತಿ.

ಸೇವಾ ಸಂಸ್ಥೆಗಳಿಗೆ ಕೆಲಸ ಮಾಡಿದವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿನ ಸ್ಕ್ರೀನ್‌ಶಾಟ್‌ಗಳಲ್ಲಿ ಮಕ್ಕಳ ಹೆಸರು, ರೋಗಿಗಳ ಫೋನ್ ನಂಬರ್ ಇರುತ್ತವೆ. ಮಸುಕು ಮಾಡಿದರೆ ಸಾಲದು, ನಕಲಿ ಮಾಹಿತಿ ತುಂಬಿ ಹೊಸದಾಗಿ ಚಿತ್ರ ತೆಗೆಯಿರಿ. ಕೋಡ್ ತೋರಿಸುವ ಮೊದಲು ಮೇಲ್‌ನಲ್ಲಿ ಅನುಮತಿ ಕೇಳಿ. ಕೊಡದಿದ್ದರೆ ಕೋಡ್ ಬಿಟ್ಟು ಟಿಪ್ಪಣಿ ಮಾತ್ರ ಹಾಕಿ.

## ಹಂತ 6: ತಂಡ ನೋಡಿ ಕ್ರಮ ಬದಲಿಸಿ

ಹೊಸಬರನ್ನು ಓಪನ್ ಸೋರ್ಸ್ ಯೋಜನೆಗಳಿಗೆ ಸೇರಿಸುವ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ 2022ರಿಂದ ವಿದ್ಯಾರ್ಥಿಯೇ ಆಗಿರಬೇಕಿಲ್ಲ, 18 ತುಂಬಿದ ಹೊಸಬರೂ ಹಾಕಬಹುದು. ಅಲ್ಲಿ ತೂಕ ಪ್ರಸ್ತಾವಕ್ಕೆ ಮತ್ತು ಅದೇ ಯೋಜನೆಗೆ ನೀವು ಈಗಾಗಲೇ ಕಳಿಸಿದ ಪ್ಯಾಚ್‌ಗಳಿಗೆ. ಬೇರೆ ಕಡೆಯ ಮಹಾ ಸಾಧನೆಗಿಂತ ಇಲ್ಲಿಯ ಪುಟ್ಟ ಪ್ಯಾಚ್ ಮೊದಲು ಬರಲಿ. ಮೂರು ಪ್ರಸ್ತಾವ ಕಳಿಸಲು ಅವಕಾಶ ಇದೆ ಅಂತ ಒಂದನ್ನೇ ಮೂರು ಕಡೆ ಅಂಟಿಸಬೇಡಿ.

ಔಟ್‌ರೀಚಿ ಎಂಬ ಓಪನ್ ಸೋರ್ಸ್ ಇಂಟರ್ನ್‌ಶಿಪ್‌ನಲ್ಲಿ ಮೊದಲ ಅರ್ಜಿ ದಾಟಿದ ಮೇಲೆ ಯೋಜನೆಗೆ ಕೊಡುಗೆ ನೀಡುವ ಅವಧಿ ಇರುತ್ತದೆ, ಮಾಡಿದ ಕೊಡುಗೆಯನ್ನು ಅವರ ತಾಣದಲ್ಲಿ ದಾಖಲಿಸಬೇಕು. ಕೆಲಸ ಮಾಡಿ ದಾಖಲಿಸಲು ಮರೆತು ಹೊರಗುಳಿಯಬೇಡಿ.

ಕಂಪನಿಯ ತಂಡವಾದರೆ ಮೊದಲು ನೋಡುವವರು ಇಂಜಿನಿಯರ್ ಅಲ್ಲ, ಎಚ್‌ಆರ್. ಅವರಿಗೆ ಪುಲ್ ರಿಕ್ವೆಸ್ಟ್ ತೆರೆದು ಓದುವ ಅಭ್ಯಾಸ ಇರುವುದಿಲ್ಲ. ರೆಸ್ಯೂಮೆಯಲ್ಲಿ "ಸ್ವಯಂಸೇವೆ" ಅಂತ ಕೊನೆಗೆ ತಳ್ಳದೆ "ಅನುಭವ" ಭಾಗದಲ್ಲೇ ಹಾಕಿ. ಪಕ್ಕದಲ್ಲಿ "ಸ್ವಯಂಸೇವಕ" ಎಂದು ಸ್ಪಷ್ಟವಾಗಿ ಬರೆಯಿರಿ, ನೌಕರಿ ಎನ್ನುವಂತೆ ತೋರಿಸಬೇಡಿ. ಹಿನ್ನೆಲೆ ಪರಿಶೀಲನೆಯಲ್ಲಿ ಅದು ಸಿಕ್ಕಿಬೀಳುತ್ತದೆ.

## ಹಂತ 7: ಪತ್ರ

ಐದು ಸಾಲು ಸಾಕು. ಯಾವ ಕೆಲಸಕ್ಕೆ, ನಿಮ್ಮ ಒಂದು ಕೆಲಸದ ಒಂದು ವಾಕ್ಯ, ಅದರ ಲಿಂಕ್, ಅದಕ್ಕೂ ಅವರ ತಂಡಕ್ಕೂ ಇರುವ ಸಂಬಂಧ, ಮೂರು ಟಿಪ್ಪಣಿಗಳ ಲಿಂಕ್. "ಗೌರವಾನ್ವಿತರೇ, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ" ಎಂದು ಶುರುವಾದರೆ ಅಲ್ಲಿಗೇ ಅರ್ಧ ಜನ ಓದು ನಿಲ್ಲಿಸುತ್ತಾರೆ. ಎಐ ಹತ್ತಿರ ಬರೆಸಿದ ಪತ್ರವೂ ಹಾಗೇ, ಎಲ್ಲರದ್ದೂ ಒಂದೇ ಅಚ್ಚು. ಕೋಡಿಗೆ ಎಐ ಬಳಸಿದ್ದರೆ ಯೋಜನೆಯ ನಿಯಮ ಓದಿ. ಲಿನಕ್ಸ್‌ನ ಒಂದು ಆವೃತ್ತಿಯಾದ ಜೆಂಟೂ 2024ರಲ್ಲಿ ಅಂಥ ಕೊಡುಗೆಗಳನ್ನೇ ನಿಷೇಧಿಸಿತು, ಇನ್ನು ಕೆಲವರು ಬಳಸಿದ್ದರೆ ಹೇಳಿ ಎನ್ನುತ್ತಾರೆ.

ಕಳಿಸುವ ಮೊದಲು ಪ್ರತಿ ಲಿಂಕನ್ನೂ ಖಾಸಗಿ ವಿಂಡೋದಲ್ಲಿ ತೆರೆಯಿರಿ. ಗೂಗಲ್ ಡಾಕ್ಸ್ "ಅನುಮತಿ ಕೇಳಿ" ಎಂದರೆ ಓದುವವರು ಕೇಳುವುದಿಲ್ಲ, ಮುಂದಿನ ಅರ್ಜಿಗೆ ಹೋಗುತ್ತಾರೆ.

## ಹಂತ 8: ಐದು ನಿಮಿಷದ ಪರೀಕ್ಷೆ

ಈಗ ಆ ಗೆಳೆಯರನ್ನು ಕರೆಯಿರಿ. ಪತ್ರ ಕೊಟ್ಟು ಫೋನಿನಲ್ಲಿ ಐದು ನಿಮಿಷ ಟೈಮರ್ ಇಡಿ. ನೀವು ಬಾಯಿ ಬಿಡುವ ಹಾಗಿಲ್ಲ. ಮುಗಿದ ಮೇಲೆ ಮೂರು ಪ್ರಶ್ನೆ: ನಾನು ಏನು ಮಾಡಿದ್ದೇನೆ? ಅದರಲ್ಲಿ ಕಷ್ಟದ ಭಾಗ ಯಾವುದು? ಅದು ನನ್ನದೇ ಅಂತ ಹೇಗೆ ಗೊತ್ತಾಯಿತು? ಮೂರನೆಯದಕ್ಕೆ ಉತ್ತರ ಬರದಿದ್ದರೆ ಹಂತ 2ಕ್ಕೆ, ಎರಡನೆಯದಕ್ಕೆ ಬರದಿದ್ದರೆ ಹಂತ 4ಕ್ಕೆ ವಾಪಸ್ ಹೋಗಿ.

ನೀವು ಬೇರೆಯವರಿಗೆ ಸಹಾಯ ಮಾಡುತ್ತಿರುವ ಹಿರಿಯರಾದರೆ, ದಯವಿಟ್ಟು ಅವರ ಟಿಪ್ಪಣಿಯನ್ನು ನೀವೇ ಬರೆದುಕೊಡಬೇಡಿ. ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿ, ಅದನ್ನೇ ಬರಹಕ್ಕೆ ಇಳಿಸಲು ಹೇಳಿ. ಸಂದರ್ಶನಕ್ಕೆ ಹೋಗುವವರು ಅವರು, ನೀವಲ್ಲ. ಶಿಫಾರಸು ಬರೆಯುವಾಗ "ಒಳ್ಳೆಯ ಹುಡುಗಿ, ಶ್ರಮಜೀವಿ" ಎನ್ನುವ ಬದಲು ಒಂದು ಪುಲ್ ರಿಕ್ವೆಸ್ಟ್ ಹೆಸರಿಸಿ, ಅದರಲ್ಲಿ ಅವರು ಏನು ಮಾಡಿದರು ಎಂದು ಎರಡು ಸಾಲು ಬರೆಯಿರಿ.

## ಹಂತ 9: ಮಾತುಕತೆಯ ಹಿಂದಿನ ದಿನ

ಮೂರೂ ಕೋಡನ್ನು ಮತ್ತೆ ಓದಿ. ಎಂಟು ತಿಂಗಳ ಹಿಂದೆ ಬರೆದದ್ದು ನಿಮಗೇ ಮರೆತಿರುತ್ತದೆ. "ಇವತ್ತು ಬರೆದರೆ ಹೇಗೆ ಬರೆಯುತ್ತೀರಿ?" ಎನ್ನುವ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಯೋಚಿಸಿಟ್ಟಿರಿ. ಶೀಟಿನ ಐದನೇ ಕಾಲಂ ಈಗ ಕೆಲಸಕ್ಕೆ ಬರುತ್ತದೆ: ಯಾರು ಏನು ಮಾಡಿದರು ಎಂದು ತಡವರಿಸದೆ ಹೇಳಬಹುದು.

ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಂದೇ ಒಂದು ನೆನಪೋಲೆ ಕಳಿಸಿ. ಅಷ್ಟರಲ್ಲಿ ಹೊಸ ಪ್ಯಾಚ್ ಮರ್ಜ್ ಆಗಿದ್ದರೆ ಅದರ ಲಿಂಕ್ ಅದರಲ್ಲೇ ಇರಲಿ, ಶೀಟಿಗೂ ಒಂದು ಸಾಲು ಸೇರಿಸಿ.